ನಕ್ಷೆಗೆ ಮುಂಚಿನ ಮಾತು

ರೇಡಿಯೊ ಕೇಳುಗರಿಗೆ ನಮಸ್ಕಾರ. ನಾನು ತುಮಕೂರಿನಲ್ಲಿ ಮನೆಗಳ ನಕ್ಷೆ ಬರೆಯುವ ಆರ್ಕಿಟೆಕ್ಟ್. ನನ್ನ ಕಚೇರಿಗೆ ಬಂದವರು ಕುರ್ಚಿಯಲ್ಲಿ ಕುಳಿತ ಕೂಡಲೇ ಹೇಳುವ ಮಾತು ಒಂದೇ: "30-40 ಸೈಟು ಸಾರ್, ಮೂರು ಬೆಡ್‌ರೂಮು, ಒಂದು ಪೂಜೆ ಕೋಣೆ." ದಯವಿಟ್ಟು ಕೋಣೆಗಳ ಲೆಕ್ಕ ಆಮೇಲೆ ಕೊಡಿ. ಮೊದಲು ನಿಮ್ಮ ದಿನಚರಿ ಹೇಳಿ. ಬೆಳಿಗ್ಗೆ ಮೊದಲು ಏಳುವವರು ಯಾರು, ತೋಟದಿಂದ ಬಂದವರು ಕಾಲು ಎಲ್ಲಿ ತೊಳೆಯುತ್ತಾರೆ, ಅಜ್ಜಿ ಮಧ್ಯಾಹ್ನ ಎಲ್ಲಿ ಒರಗುತ್ತಾರೆ, ಇದು ನನಗೆ ಬೇಕು.

ಇದನ್ನು ನನಗೆ ಕಲಿಸಿದ್ದು ಕಾಲೇಜಲ್ಲ, ಗುಬ್ಬಿ ಕಡೆಯ ಒಬ್ಬ ತಾಯಿ. ಆಗ ನಾನು ಹೊಸಬ. ಅವರ ತೋಟದ ಮನೆಗೆ ಬಲು ಹೆಮ್ಮೆಯಿಂದ ಅಡುಗೆಮನೆ ಮಾಡಿಕೊಟ್ಟಿದ್ದೆ. ಕಪ್ಪು ಗ್ರಾನೈಟ್, 32 ಅಂಗುಲ ಎತ್ತರದ ಕಟ್ಟೆ, ಎಲ್ಲವೂ ಪುಸ್ತಕದಲ್ಲಿದ್ದ ಹಾಗೆಯೇ. ಗೃಹಪ್ರವೇಶವಾಗಿ ನಾಲ್ಕು ತಿಂಗಳ ಮೇಲೆ ಆ ದಾರಿಯಲ್ಲಿ ಹೋದವನು ಊಟದ ಹೊತ್ತಿಗೆ ಒಳಹೊಕ್ಕೆ. ಅಡುಗೆಮನೆ ಫಳಫಳ ಹೊಳೆಯುತ್ತಿತ್ತು, ಆದರೆ ಖಾಲಿ. ಆ ತಾಯಿ ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆಯ ಪಕ್ಕ ಪಾತ್ರೆಯನ್ನು ನೆಲಕ್ಕಿಳಿಸಿಕೊಂಡು ಮುದ್ದೆ ತೊಳಸುತ್ತಿದ್ದರು. ಯಾಕಮ್ಮ ಎಂದೆ. "ನಾವು ಏನು ಉಣ್ಣುತ್ತೇವೆ ಎಂದು ನೀವು ಕೇಳಲೇ ಇಲ್ಲವಲ್ಲ ಸ್ವಾಮಿ" ಎಂದರು.

ಲೆಕ್ಕ ಹಾಕಿ ನೋಡಿ. ಕಟ್ಟೆ 32 ಅಂಗುಲ, ಅದರ ಮೇಲೆ ಸ್ಟೌ ಆರು, ಹತ್ತು ಜನರ ಮುದ್ದೆ ಪಾತ್ರೆ ಹತ್ತು. ಒಟ್ಟು ನಾಲ್ಕು ಅಡಿ. ಐದಡಿಯ ಹೆಂಗಸಿಗೆ ಅದು ಭುಜದ ಮಟ್ಟ. ಮುದ್ದೆ ಕೋಲಿಗೆ ಮೇಲಿನಿಂದ ಮೈಭಾರ ಬೀಳಬೇಕು. ಭುಜದ ಮಟ್ಟದಲ್ಲಿ ತೊಳಸಿದರೆ ಗಂಟುಗಳೇ ಗತಿ. ಕೊನೆಗೆ ಹಿಂಬಾಗಿಲ ಪಕ್ಕ ಒಂದೂವರೆ ಅಡಿಯ ಕಟ್ಟೆ ಕಟ್ಟಿಸಿದೆ, ನನ್ನ ಖರ್ಚಿನಲ್ಲಿ. ಆ ದಿನ ಬಡಿಸಿದ ಮುದ್ದೆ, ಅವರೆಕಾಳು ಸಾರು ಮಾತ್ರ ಇನ್ನೂ ನೆನಪಿದೆ.

ವಾಸ್ತು ಕೇಳಬೇಡಿ ಎನ್ನುವವನು ನಾನಲ್ಲ. ಆದರೆ ಅಡುಗೆಮನೆಗೆ ಅಗ್ನಿಮೂಲೆಯನ್ನು, ಅಂದರೆ ಆಗ್ನೇಯ ಮೂಲೆಯನ್ನು, ಕಣ್ಣು ಮುಚ್ಚಿಕೊಂಡು ತೋರಿಸುವವರಿಗೆ ಮನೆಯ ದೊಡ್ಡ ಪಾತ್ರೆ ಎಷ್ಟೆತ್ತರ ಎಂಬುದು ಗೊತ್ತಿರುವುದಿಲ್ಲ. ಅಳೆದುಕೊಂಡು ಬನ್ನಿ. ಅಡುಗೆ ಮಾಡುವವರನ್ನೇ ಕರೆದುಕೊಂಡು ಬನ್ನಿ. ಗಂಡಸರು ಮಾತ್ರ ಬಂದು ಅಡುಗೆಮನೆ ತೀರ್ಮಾನಿಸುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಕಥೆಯಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ತಿಪಟೂರು ಕಡೆಯವರೇ, ಕೊಬ್ಬರಿಗೆ ಅಟ್ಟ ಬೇಕೆಂದು ಮೊದಲೇ ಹೇಳಿ. ತಾರಸಿ ಬಿದ್ದ ಮೇಲೆ ಅಟ್ಟ ಹುಟ್ಟುವುದಿಲ್ಲ. ಪಡುವಣ ಗೋಡೆಗೆ ಸಂಜೆ ಬಿಸಿಲು ನೇರ ಹೊಡೆಯುತ್ತದೆ, ಮಲಗುವ ಕೋಣೆ ಅಲ್ಲಿ ಬೇಡ. ನೂರು ಚದರ ಮೀಟರ್ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು. ಸಂಪು ಎಲ್ಲಿ ಎಂಬುದು ಪಾಯ ತೆಗೆಯುವ ಮುಂಚೆ ನಿಶ್ಚಯವಾಗಲಿ. ನಕ್ಷೆ ಬರೆಯುವವರು 1972ರ ಆರ್ಕಿಟೆಕ್ಟ್‌ಗಳ ಕಾಯ್ದೆಯಂತೆ ನೋಂದಾಯಿತ ಆರ್ಕಿಟೆಕ್ಟ್ ಹೌದೇ ಎಂದು ಕೇಳಿ, ಸಂಕೋಚ ಬೇಡ.

ಅತ್ತ ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ನಾಳೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಮನೆಯಲ್ಲಿ ಯಾರು ಎಲ್ಲಿ ಕುಳಿತರು, ಎಲ್ಲಿ ಎಡವಿದರು, ಒಂದು ಹಾಳೆಯಲ್ಲಿ ಬರೆದಿಡಿ. ನನ್ನಂಥವರ ಬಳಿಗೆ ಬರುವಾಗ ಆ ಹಾಳೆ ಕೈಯಲ್ಲಿರಲಿ, ಮೊಬೈಲ್ ಜೇಬಿನಲ್ಲಿರಲಿ. ನಮಸ್ಕಾರ.