ಬಚ್ಚಲ ನೀರು ಎಲ್ಲಿಗೆ ಹೋಗುತ್ತಿದೆ?

(ಕೋಲಾರದಲ್ಲಿ ಸ್ವಸಹಾಯ ಗುಂಪುಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಮುದ್ದೆ ತಿರುವಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಮಾಲೂರಿನಿಂದ ಬಸ್ಸು ಹಿಡಿದು ಬಂದಿದ್ದೀರಿ. ಮುಂಗಾರಿನ ಮೊದಲ ಹದ ಮಳೆ ಬಿದ್ದ ವಾರ ಇದು. ಎಲ್ಲರ ಮನಸ್ಸೂ ಹೊಲದಲ್ಲಿರುತ್ತದೆ. ಅದಕ್ಕೆ ಪೀಠಿಕೆ ಬಿಟ್ಟು ನೇರ ಮಾತಿಗೆ ಬರುತ್ತೇನೆ.

ಹೋದ ವಾರ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ ಕೂತಿದ್ದರು. ಎರಡು ಎಕರೆ ಟೊಮೆಟೊ ಇಟ್ಟಿದ್ದಾರೆ. ಗಂಡ ಮಂಡಿಗೆ ಮಾಲು ತಂದಿದ್ದರು, ಇವರೂ ಜೊತೆಗೆ ಬಂದಿದ್ದರು. ಕೈಚೀಲದಿಂದ ದಂಟಿನ ಸೊಪ್ಪಿನ ಕಂತೆ ಇಣುಕುತ್ತಿತ್ತು. ತಳ್ಳುಗಾಡಿಯಲ್ಲಿ ಕೊಂಡದ್ದು. ‘ಎರಡು ಎಕರೆ ಇಟ್ಟುಕೊಂಡು ಸೊಪ್ಪು ಕೊಂಡುಕೊಳ್ಳುತ್ತೀರಾ ಅಮ್ಮಾ?’ ಅಂದೆ. ‘ಟೊಮೆಟೊಗೆ ಹೊಡೆಯೋ ಔಷಧಿ ಸೊಪ್ಪಿನ ಮೇಲೆ ಬೀಳುತ್ತೆ ಮೇಡಂ. ಮನೆ ಹತ್ತಿರ ಹಾಕೋಣ ಅಂದರೆ ನೀರೆಲ್ಲಿದೆ?’ ಅಂದರು.

ನೀರೆಲ್ಲಿದೆ. ಈ ಜಿಲ್ಲೆಯಲ್ಲಿ ಯಾವ ಮಾತು ಶುರುವಾದರೂ ಬಂದು ನಿಲ್ಲುವುದು ಅಲ್ಲೇ ಅಲ್ವಾ? ವರ್ಷವಿಡೀ ಹರಿಯುವ ಒಂದು ನದಿ ನಮಗಿಲ್ಲ. ಬೋರು 1000 ಅಡಿ ದಾಟಿ, 1200, 1500 ಅಡಿಗೆ ಇಳಿದಿದೆ. ಎಷ್ಟೋ ಕಡೆ ಬರುವ ನೀರಿನಲ್ಲಿ ಫ್ಲೋರೈಡ್. ಆ ತಾಯಿ ಕೇಳಿದ್ದು ಸುಮ್ನೆ ಅಲ್ಲ. ಆದರೂ ನಾನು ಅವರಿಗೆ ಒಂದು ಪ್ರಶ್ನೆ ಕೇಳಿದೆ. ಅದನ್ನೇ ನಿಮಗೂ ಕೇಳಲು ಬಂದಿದ್ದೇನೆ. ನಿಮ್ಮ ಮನೆ ಬಚ್ಚಲ ನೀರು ಎಲ್ಲಿಗೆ ಹೋಗುತ್ತಿದೆ?

ಲೆಕ್ಕ ಹಾಕೋಣ. ಮನೆಯಲ್ಲಿ ಐದು ಜನ. ಸ್ನಾನಕ್ಕೆ ತಲೆಗೊಂದು ಬಕೆಟ್, 15 ಲೀಟರ್ ಅಂದರೂ 75 ಆಯಿತು. ಪಾತ್ರೆ ತೊಳೆದದ್ದು 25. ಅಕ್ಕಿ, ಬೇಳೆ, ಸೊಪ್ಪು ತೊಳೆದದ್ದು 10. ಬಟ್ಟೆ ಒಗೆದದ್ದನ್ನು ಸೇರಿಸದೆ ದಿನಕ್ಕೆ 110 ಲೀಟರ್. 10 ಅಡಿಗೆ 20 ಅಡಿ ಜಾಗದ ತರಕಾರಿ ಮಡಿಗೆ ನಮ್ಮ ಬಿಸಿಲಿನಲ್ಲಿ ದಿನಕ್ಕೆ 90ರಿಂದ 100 ಲೀಟರ್ ಬೇಕು. ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. ಹಿತ್ತಲಿಗೆ ಬೇಕಾದ ನೀರು ದಿನಾ ಬೆಳಗ್ಗೆ ನಮ್ಮ ಮೈಮೇಲೆ ಹರಿದು ಚರಂಡಿಗೆ ಹೋಗುತ್ತಿದೆ. ಅಲ್ಲಿ ನಿಂತು ಸೊಳ್ಳೆ ಸಾಕುತ್ತಿದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಸೂಚನೆಯಲ್ಲಿ ಒಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎಂದಿದೆ. ಐದು ಜನಕ್ಕೆ ಎರಡು ಕೆಜಿ ತರಕಾರಿ ಆಯಿತು. ಅಷ್ಟೂ ಹಿತ್ತಲಿನಿಂದಲೇ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಸೊಪ್ಪು ಬರುತ್ತದೆ. ಕರಿಬೇವು, ಮೆಣಸಿನಕಾಯಿ, ನಿಂಬೆ ಬರುತ್ತದೆ. ಒಂದು ಚಪ್ಪರದ ಕಾಯಿ ಬರುತ್ತದೆ. 2023ರ ಜುಲೈಯಲ್ಲಿ ನಮ್ಮ ಮಂಡಿಯಲ್ಲೇ 15 ಕೆಜಿ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿತ್ತು. ಅದೇ ಟೊಮೆಟೊ ಬೆಲೆ ಬಿದ್ದಾಗ ರಸ್ತೆಗೆ ಸುರಿದದ್ದನ್ನೂ ಕಂಡಿದ್ದೇವೆ. ಮಾರುವ ಬೆಳೆ ನಮ್ಮ ಕೈಯಲ್ಲಿಲ್ಲ. ಉಣ್ಣುವ ಬೆಳೆಯಾದರೂ ನಮ್ಮ ಕೈಯಲ್ಲಿರಲಿ ಎನ್ನುವುದು ನನ್ನ ಆಸೆ.

ಇನ್ನೊಂದು ಮಾತು. ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ನೀರು ನಿಮಗೆಲ್ಲ ಗೊತ್ತು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ನೋಡಲು ಓಡಿದ್ದರು. ಅದು ಯಾವ ನೀರು? ಬೆಂಗಳೂರಿನ ಜನ ಸ್ನಾನ ಮಾಡಿ, ಪಾತ್ರೆ ತೊಳೆದು ಬಿಟ್ಟ ನೀರು, ಕಕ್ಕಸಿನದ್ದೂ ಸೇರಿದ ಒಳಚರಂಡಿ ನೀರು. ಅದನ್ನು ಶುದ್ಧ ಮಾಡಿ, ಪಂಪು ಇಟ್ಟು, ಪೈಪು ಹಾಕಿ ನಮ್ಮ ಕೆರೆಗಳಿಗೆ ತಂದರು. ಅಂತರ್ಜಲ ಏರಲಿ ಎಂದು 126 ಕೆರೆ ತುಂಬಿಸುವ ಯೋಜನೆ. ಶುದ್ಧ ಮಾಡಿದ್ದು ಸಾಲದು ಎಂದು ಜಗಳ ಮಾಡಿದವರಿದ್ದಾರೆ. ಅವರ ಆತಂಕ ನಿಜವಾದದ್ದೇ. ನಾನು ಇಲ್ಲಿ ಹೇಳುವುದು ನೀರು ಎಷ್ಟು ದೂರ ಬಂತು ಎನ್ನುವುದನ್ನು ಮಾತ್ರ. ಬೆಂಗಳೂರಿನ ಬಚ್ಚಲ ನೀರು ಅಷ್ಟು ದೂರ ಬಂತು. ನಮ್ಮ ಬಚ್ಚಲ ನೀರು ಹಿತ್ತಲಿಗೆ ಹತ್ತು ಹೆಜ್ಜೆ ನಡೆಯಬೇಕು, ಅಷ್ಟೆ.

ಇದನ್ನು ನನಗೆ ಕಲಿಸಿದ್ದು ನನ್ನ ಅತ್ತೆ. ಸ್ವಲ್ಪ ಉದ್ದದ ಕತೆ, ಸಹಿಸಿಕೊಳ್ಳಿ.

ಅತ್ತೆ ಮುಳಬಾಗಿಲು ಕಡೆಯವರು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಸ್ನಾನಕ್ಕೆ ಹೋದರೆ ಆಚೆಯಿಂದ ಕೂಗುತ್ತಿದ್ದರು: ‘ಅಮ್ಮಾ, ಸೀಗೆಕಾಯಿನೋ ಸೋಪೋ?’ ನನಗೆ ನಾಚಿಕೆ. ಆಮೇಲೆ ಗೊತ್ತಾಯಿತು. ಬಚ್ಚಲ ಹಿಂದೆ ಅವರು ಎರಡು ಕಾಲುವೆ ಇಟ್ಟಿದ್ದರು. ಸೋಪಿನ ನೀರು ಬಾಳೆ ಗುಂಡಿಗೆ. ಸೀಗೆಕಾಯಿ, ಕಡಲೆ ಹಿಟ್ಟಿನ ನೀರು ಬದನೆ, ಟೊಮೆಟೊ ಮಡಿಗೆ. ಒಂದು ಕಲ್ಲು ಎತ್ತಿ ಇಟ್ಟರೆ ನೀರು ದಾರಿ ಬದಲಿಸುತ್ತಿತ್ತು. ದೀಪಾವಳಿಗೆ ಮಗಳು ಅಳಿಯ ಬಂದು ಮನೆತುಂಬ ಎಣ್ಣೆ ಸ್ನಾನ ನಡೆದರೆ, ‘ಇವತ್ತು ಗಿಡಕ್ಕೂ ಹಬ್ಬ’ ಎಂದು ಖುಷಿಪಡುತ್ತಿದ್ದರು.

ಒಂದು ವರ್ಷ ಮಳೆ ಪೂರ್ತಿ ಕೈಕೊಟ್ಟಿತು. ತೋಟದ ಬೋರು ಬತ್ತಿತು. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಊರೆಲ್ಲ ಬೂದಿ ಬಣ್ಣ. ಹಸಿರು ಅಂತ ಇದ್ದದ್ದು ನಮ್ಮ ಬಚ್ಚಲ ಹಿಂದೆ ಮಾತ್ರ. ಬಾಳೆ, ಕೆಸು, ನುಗ್ಗೆ, ದಂಟು, ಒಂದು ಸಿಹಿಗುಂಬಳದ ಬಳ್ಳಿ. ತಲೆಗೆ ಒಂದೇ ಬಕೆಟ್ಟಿನಲ್ಲಿ ಎಲ್ಲರೂ ಸ್ನಾನ ಮುಗಿಸುತ್ತಿದ್ದೆವು. ಆ ಒಂದೊಂದು ಬಕೆಟ್ಟೂ ಎರಡನೇ ಸಲ ದುಡಿಯುತ್ತಿತ್ತು.

ಆದರೆ ಕುಂಬಳ ಕಾಯಿ ಕಚ್ಚಲಿಲ್ಲ. ಬಳ್ಳಿ ಸೊಂಪಾಗಿದೆ, ಹೂವು ರಾಶಿ, ಈಚು ಹಳದಿಯಾಗಿ ಉದುರಿ ಹೋಗುತ್ತಿದೆ. ನಾನು ಗೊಬ್ಬರ ಸಾಲದು ಅಂದೆ. ಅತ್ತೆ ಸುತ್ತ ನೋಡಿ, ‘ಜೇನು ಇಲ್ಲ ಕಣಮ್ಮಾ’ ಅಂದರು. ಊರಲ್ಲಿ ಬೇರೆ ಹೂವೇ ಇಲ್ಲದ ಮೇಲೆ ಜೇನುಹುಳ ಎಲ್ಲಿಂದ ಬರಬೇಕು? ಮಾರನೇ ದಿನ ಆರು ಗಂಟೆಗೆ ನನ್ನನ್ನು ಎಬ್ಬಿಸಿದರು. ‘ಬಾ, ಮದುವೆ ಮಾಡಿಸೋಣ.’ ಗಂಡು ಹೂವಿಗೆ ಉದ್ದ ತೊಟ್ಟು. ಹೆಣ್ಣು ಹೂವಿನ ಕೆಳಗೆ ಪುಟ್ಟ ಗುಂಡು ಕಾಯಿ ಇರುತ್ತದೆ. ಗಂಡು ಹೂವು ಕಿತ್ತು, ಎಸಳು ಬಿಡಿಸಿ, ನಡುವಿನ ಪುಡಿಯನ್ನು ಹೆಣ್ಣು ಹೂವಿಗೆ ಮೆಲ್ಲಗೆ ಸವರಿದರು. ಬಿಸಿಲೇರುವ ಮೊದಲೇ ಮಾಡಬೇಕು. ಆಮೇಲೆ ಹೂವು ಮುಚ್ಚಿಕೊಳ್ಳುತ್ತದೆ. ಹತ್ತು ದಿನ ನಾನೇ ಮಾಡಿದೆ. ಆ ಬಳ್ಳಿ 14 ಕಾಯಿ ಕೊಟ್ಟಿತು.

ಬಳ್ಳಿ ಪಕ್ಕದ ಮನೆ ಹೆಂಚಿನ ಮೇಲೂ ಹಬ್ಬಿತ್ತು. ಅಲ್ಲಿ ಐದು ಕಾಯಿ. ಯಾರದು ಅವು? ನಾನು ನಮ್ಮದು ಅಂದೆ. ಅತ್ತೆ ಒಪ್ಪಲಿಲ್ಲ. ‘ಬೇರು ನಮ್ಮದು, ಬಿಸಿಲು ಅವರದು’ ಎಂದು ಅಷ್ಟೂ ಕಾಯಿ ಅವರಿಗೇ ಬಿಟ್ಟರು. ಮುಂದಿನ ತಿಂಗಳಿಂದ ಆ ಮನೆಯವರೂ ತಮ್ಮ ಬಚ್ಚಲ ನೀರನ್ನು ನಮ್ಮ ಕಾಲುವೆಗೆ ತಿರುಗಿಸಿದರು! ಈ ಕತೆಯನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಎಲ್ಲಿದ್ದೆ? ಬಚ್ಚಲ ನೀರು. ಅದನ್ನು ಹೇಗೆ ಬಿಡಬೇಕು ಎನ್ನುವುದನ್ನು ಗಮನವಿಟ್ಟು ಕೇಳಿ, ತಪ್ಪು ಮಾಡಿದರೆ ಮಣ್ಣು ಕೆಡುತ್ತದೆ. ಮೂರಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ಗುಂಡಿ ತೋಡಿ. ಕೆಳಗೆ ದಪ್ಪ ಜಲ್ಲಿ ಅಥವಾ ಇಟ್ಟಿಗೆ ಚೂರು, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಮರಳು. ಜಿಡ್ಡು, ಕೂದಲು ಅಲ್ಲಿ ನಿಲ್ಲುತ್ತದೆ. ಗುಂಡಿಯ ಪಕ್ಕ ಬಾಳೆ, ಕೆಸು, ಕಾಬಾಳೆ ಹಾಕಿ. ಅವು ಎಷ್ಟು ನೀರಾದರೂ ಕುಡಿಯುತ್ತವೆ. ಅಲ್ಲಿಂದ ಸೋಸಿ ಬಂದದ್ದು ಮಡಿಗೆ ಹೋಗಲಿ. ಎರಡು ಮೂರು ತಿಂಗಳಿಗೊಮ್ಮೆ ಮೇಲಿನ ಮರಳು ತೆಗೆದು ತೊಳೆಯಿರಿ.

ಬಟ್ಟೆ ಪುಡಿಯ ನೀರು ಬೇಡ. ಅದರಲ್ಲಿ ಉಪ್ಪಿನಂಶ ಜಾಸ್ತಿ. ನಮ್ಮ ಕೆಂಪು ಮಣ್ಣು ಗಟ್ಟಿಯಾಗಿ ಮೇಲೆ ಬಿಳಿ ಪದರ ಕಟ್ಟುತ್ತದೆ. ಕೊನೆಯ ಸಲ ಜಾಲಿಸಿದ ನೀರಾದರೆ ಮರಗಳಿಗೆ ಬಿಡಬಹುದು. ಕಕ್ಕಸಿನ ನೀರು, ಮಗುವಿನ ಬಟ್ಟೆ ತೊಳೆದ ನೀರು ಹತ್ತಿರವೂ ಸುಳಿಯಬಾರದು. ಬಚ್ಚಲ ನೀರನ್ನು ಬುಡಕ್ಕೆ ಬಿಡಿ, ಎಲೆಗೆ ಎರಚಬೇಡಿ. ಕೊತ್ತಂಬರಿ, ಮೂಲಂಗಿ, ಸೌತೆಯಂಥ ಹಸಿಯಾಗಿ ತಿನ್ನುವುದಕ್ಕೆ ಅಕ್ಕಿ ತೊಳೆದ ನೀರು ಅಥವಾ ಮಳೆ ನೀರು ಮಾತ್ರ. ಹಿಡಿದಿಟ್ಟು ಮಾರನೇ ದಿನ ಹಾಕೋಣ ಅಂದುಕೊಳ್ಳಬೇಡಿ, ನಾತ ಬರುತ್ತದೆ. ಆ ದಿನದ್ದು ಆ ದಿನವೇ ಮಣ್ಣಿಗೆ ಹೋಗಬೇಕು.

ನೀರು ಬಿಟ್ಟ ಮೇಲೆ ಮಣ್ಣಿನ ಮೇಲ್ಮೈ ಮುಚ್ಚಿ. ಯಾವುದರಲ್ಲಿ? ನಮ್ಮ ಜಿಲ್ಲೆಗೆ ಅದನ್ನು ಹೇಳಿಕೊಡಬೇಕಾ? ಅವರೆಕಾಯಿ ಕಾಲದಲ್ಲಿ ಮನೆಮನೆ ಮುಂದೆ ಸಿಪ್ಪೆ ಗುಡ್ಡೆ ಬೀಳುತ್ತದೆ. ಅರ್ಧ ಹಸುವಿಗೆ ಕೊಡಿ, ಅರ್ಧ ಮಡಿಯ ಮೇಲೆ ಹರಡಿ. ನೀರು ಆರುವುದಿಲ್ಲ, ಕೊಳೆತರೆ ಗೊಬ್ಬರ.

ನುಗ್ಗೆ ಮನೆ ಮುಂದೆ ಬೇಡ ಎಂದು ಹಿರಿಯರು ಹೇಳುತ್ತಾರೆ. ಅದಕ್ಕೆ ಕಾರಣ ಇದೆ. ಕೊಂಬೆ ಮೆದು, ಗಾಳಿಗೆ ಮುರಿಯುತ್ತದೆ. ಮಳೆಗಾಲದಲ್ಲಿ ಕಂಬಳಿ ಹುಳು ಬರುತ್ತದೆ. ಹಿತ್ತಲಿನ ಮೂಲೆಯಲ್ಲಿ ಹಾಕಿ, ಮೂರು ಮೂರೂವರೆ ಅಡಿಗೆ ಚಿವುಟಿ. ಕೈಗೆಟುಕುವಂತೆ ಕವಲೊಡೆಯುತ್ತದೆ, ಸೊಪ್ಪೂ ಕಾಯಿಯೂ ಸಿಗುತ್ತದೆ. ಬೀಜದಿಂದ ಬರುವ ಪಿಕೆಎಂ-1 ತಳಿ ಆರೆಂಟು ತಿಂಗಳಿಗೇ ಕಾಯಿ ಬಿಡುತ್ತದೆ.

ಚೀಟಿ ಬಂತು. ಇನ್ನು ಹತ್ತೇ ನಿಮಿಷವಂತೆ. ಹಣ್ಣಿನ ಮಾತು ಮುಟ್ಟೇ ಇಲ್ಲವಲ್ಲ!

ಪರಂಗಿ. ನಾನು ಮೊದಲ ಸಲ ನಾಲ್ಕು ಸಸಿ ನೆಟ್ಟೆ. ನಾಲ್ಕೂ ಗಂಡಾದವು. ಎಂಟು ತಿಂಗಳ ನೀರು ಹೋಯಿತು. ನಾಟಿ ಬೀಜವಾದರೆ ಒಂದು ಗುಂಡಿಗೆ ಮೂರು ಸಸಿ ನೆಡಿ. ಹೂವು ಬಂದಾಗ ನೋಡಿ. ಉದ್ದ ಜೋತು ಬಿದ್ದ ಗೊಂಚಲಾದರೆ ಗಂಡು, ಕಾಂಡಕ್ಕೆ ಅಂಟಿದ್ದರೆ ಹೆಣ್ಣು. ಹೆಣ್ಣು ಒಂದನ್ನು ಉಳಿಸಿ. ಇಡೀ ಹಿತ್ತಲಿಗೆ ಒಂದು ಗಂಡು ಸಾಕು. ಬುಡದಲ್ಲಿ ಮಾತ್ರ ನೀರು ನಿಲ್ಲಬಾರದು, ಕೊಳೆಯುತ್ತದೆ.

ಮಾವು ಬೇಕೇ ಬೇಕು ಅನ್ನುವವರು, ನಾವು ಮಾವಿನ ಊರು ಶ್ರೀನಿವಾಸಪುರದ ಪಕ್ಕದವರಲ್ಲವೇ, ಆಮ್ರಪಾಲಿ ಹಾಕಿ. ಗಿಡ್ಡ ಮರ. ಕಸಿ ಗಂಟಿನ ಕೆಳಗೆ ಚಿಗುರು ಬಂದರೆ ಕಂಡ ದಿನವೇ ಚಿವುಟಿ. ನಾನು ಬಿಟ್ಟೆ. ಕಸಿ ಸತ್ತು ಕೆಳಗಿನ ಕಾಡುಮಾವು ಎದ್ದು ನಿಂತಿತು. ನಿಂಬೆ, ಸೀಬೆ, ಸೀತಾಫಲ ನಮ್ಮ ಮಣ್ಣಿಗೆ ಒಗ್ಗಿದವು. ಅವುಗಳ ಬಗ್ಗೆ ಟಮಕದ ತೋಟಗಾರಿಕೆ ಕಾಲೇಜಿನವರನ್ನು ಕೇಳಿ.

ರೋಗದ ಬಗ್ಗೆ ಎರಡೇ ಮಾತು. ಬೆಂಡೆ ಎಲೆಯ ನರ ಹಳದಿಯಾದರೆ ಅದು ಬಿಳಿನೊಣ ಹರಡುವ ರೋಗ. ಆ ಗಿಡ ಕಿತ್ತುಬಿಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಈ ರೋಗ ತಡೆಯಲೆಂದೇ ಬೆಳೆಸಿದ ತಳಿ. ಹೀರೆ, ಹಾಗಲಕ್ಕೆ ಊಜಿ, ಅಂದರೆ ಹಣ್ಣಿನ ನೊಣ, ಕುಟ್ಟುತ್ತಿದ್ದರೆ ಎಳೆ ಕಾಯಿಗೆ ಕಾಗದದ ಚೀಲ ಕಟ್ಟಿ. ಔಷಧಿ ಬೇಕಿಲ್ಲ.

ಕೊನೆಗೆ ಅವರೆ. ನಾಟಿ ಚಪ್ಪರದವರೆ ಹಗಲು ಚಿಕ್ಕದಾದ ಮೇಲೆಯೇ ಹೂವು ಬಿಡುವುದು. ಈಗ ಬಿತ್ತಿ ಮೂರು ತಿಂಗಳಾದರೂ ಹೂವಿಲ್ಲ ಎಂದು ಗಾಬರಿಯಾಗಿ ಕೀಳಬೇಡಿ. ಚಳಿ ಬರಲಿ, ಸಂಕ್ರಾಂತಿಗೆ ಹಿದಕಬೇಳೆ ಸಾರಿಗೆ ಕಾಯಿ ತುಂಬಿರುತ್ತದೆ. ವರ್ಷವಿಡೀ ಬೇಕಾದರೆ ಹೆಬ್ಬಾಳದಲ್ಲಿ ಬೆಳೆಸಿದ ಗಿಡ ಜಾತಿಯ ಹೆಬ್ಬಾಳ ಅವರೆ ಇದೆ. ಸೊಗಡು ನಾಟಿಯಷ್ಟಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಬೀಜ ಇಡುವುದು, ಜೀವಾಮೃತ, ಮಡಕೆ ಹೂತು ನೀರು ಕೊಡುವುದು, ಇವೆಲ್ಲ ಉಳಿದುಬಿಟ್ಟವು. ಊಟದ ಹೊತ್ತಿಗೆ ಬಂದು ಕೇಳಿ, ಹೇಳುತ್ತೇನೆ. ಅತ್ತೆ ಕುಂಬಳದ ಬೀಜವನ್ನು ಸಗಣಿಗೆ ತಟ್ಟಿ ಗೋಡೆಗೆ ಅಂಟಿಸುತ್ತಿದ್ದರು. ಹುಳ ಹಿಡಿಯುತ್ತಿರಲಿಲ್ಲ. ಅದೇ ಬಳ್ಳಿಯ ಬೀಜ ಇವತ್ತು ತಂದಿದ್ದೇನೆ. ಬಾಗಿಲ ಹತ್ತಿರದ ಮೊರದಲ್ಲಿದೆ. ಪಕ್ಕದಲ್ಲಿ ಚಪ್ಪರದವರೆ ಬೀಜವೂ ಇದೆ. ಒಬ್ಬರಿಗೆ ಕುಂಬಳ ಮೂರು, ಅವರೆ ಐದು. ಜಾಸ್ತಿ ತೆಗೆಯಬೇಡಿ, ಹಿಂದಿನ ಸಾಲಿನವರಿಗೂ ಸಿಗಲಿ. ಮಣ್ಣಿನಲ್ಲಿ ಹದ ಇರುವಾಗಲೇ, ನಾಳೆ ಬೆಳಗ್ಗೆ ಸ್ನಾನಕ್ಕೆ ಮೊದಲು ಬಚ್ಚಲ ಹಿಂದೆ ಗುಂಡಿ ತೋಡಿ.

ನಮಸ್ಕಾರ.