ಮುಳ್ಳು ತಿರುಗಿಸಿದರೂ ಅದೇ ಹಾಡು

ಮೈಸೂರಿನ ಒಂಟಿಕೊಪ್ಪಲಿನಿಂದ ಶುರು ಮಾಡ್ತೀನಿ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ನಿಮ್ಮ ಹಾಸ್ಟೆಲ್ಲಿನ ಹಳೇ ಫ್ಯಾನು ಅದಕ್ಕಿಂತ ಜಾಸ್ತಿ ಕರೆಂಟು ತಿನ್ನುತ್ತೆ. ಆ ಪುಟ್ಟ ಸ್ಟೇಷನ್ನಿನ 'ಆಕಾಶವಾಣಿ' ಅನ್ನೋ ಹೆಸರನ್ನೇ ಆಮೇಲೆ ಇಡೀ ದೇಶದ ರೇಡಿಯೋ ಇಟ್ಟುಕೊಂಡಿತು. ಅದೇ ಪ್ರೊಫೆಸರ್ ಇವತ್ತು ಬಂದು ಲೈಸೆನ್ಸ್ ಕೇಳಿದರೆ ಸಿಗುತ್ತಾ?

ಮೊದಲ ಕೌಂಟರು ಖಾಸಗಿ ಎಫ್ಎಂದು. ಅಲ್ಲಿ ಕಂಪನಿ ಇರಬೇಕು, ಹರಾಜು ಕೂಗಬೇಕು. 2000ದ ಮೊದಲ ಹರಾಜಿನಲ್ಲಿ 40 ಊರುಗಳ 108 ತರಂಗಾಂತರಗಳನ್ನು ಮಾರಾಟಕ್ಕಿಟ್ಟರು. ಶುಲ್ಕ ವರ್ಷಕ್ಕೆ ಶೇ. 15ರಂತೆ ಏರುತ್ತಾ ಹೋಗಬೇಕು ಅನ್ನೋ ಷರತ್ತು ಬೇರೆ. ಜೋಶಿನಲ್ಲಿ ಕೂಗಿದವರಲ್ಲಿ ಬಹಳಷ್ಟು ಜನ ಕೈ ಎತ್ತಿದರು. ಕೊನೆಗೆ ಗಾಳಿಗೆ ಬಂದದ್ದು ಇಪ್ಪತ್ತರ ಆಸುಪಾಸು. 2005ರಲ್ಲಿ ಸರ್ಕಾರ ಬುದ್ಧಿ ಕಲಿತು, ಆದಾಯದಲ್ಲಿ ಶೇ. 4 ಪಾಲು ಕೊಟ್ಟರೆ ಸಾಕು ಅಂತು. ಆದರೂ ಒಳಗೆ ಬರೋದಕ್ಕೆ ಕೊಡಬೇಕಾದ ದುಡ್ಡಿಗೆ ಪೈಪೋಟಿ ತಪ್ಪಲಿಲ್ಲ.

ಪೈಪೋಟಿ ಇದ್ದರೆ ಬಗೆಬಗೆಯ ಸ್ಟೇಷನ್ನು ತಾನಾಗಿ ಬರುತ್ತೆ ಅಂತಾರಲ್ಲ, ಆ ಲೆಕ್ಕ ಮಾಡಿ ನೋಡೋಣ. ಒಂದೂರಲ್ಲಿ ನೂರು ಕೇಳುಗರು ಅಂತಿಟ್ಟುಕೊಳ್ಳಿ. 80 ಜನಕ್ಕೆ ಹೊಸ ಸಿನಿಮಾ ಹಾಡು ಬೇಕು, 20 ಜನಕ್ಕೆ ತಾಳಮದ್ದಳೆ. ಮೊದಲ ಸ್ಟೇಷನ್ನು ಹಾಡು ಹಾಕುತ್ತೆ. ಎರಡನೆಯದೂ ಹಾಡೇ ಹಾಕುತ್ತೆ, ಯಾಕಂದ್ರೆ 80ರಲ್ಲಿ ಅರ್ಧ 40. ಮೂರನೆಯವನಿಗೂ ಹಾಡಿನಿಂದ 26-27 ಕಿವಿ ಸಿಗುತ್ತೆ, ತಾಳಮದ್ದಳೆಯಿಂದ 20. ನಾಲ್ಕನೆಯವನಿಗೆ ಎರಡೂ ಸಮ; ಐದನೆಯವನು ಬಂದಾಗಲಷ್ಟೇ ಭಾಗವತರ ಜಾಗಟೆ ಕೇಳೋ ಭರವಸೆ. 2024ರಲ್ಲಿ ಖಾಸಗಿ ಎಫ್ಎಂಗೆ ಕೇಂದ್ರ ಸಚಿವ ಸಂಪುಟ ಒಪ್ಪಿದ್ದು 234 ಹೊಸ ಊರುಗಳಲ್ಲಿ 730 ಚಾನೆಲ್. ಭಾಗಿಸಿ, ಊರಿಗೆ ಮೂರು ಚಿಲ್ಲರೆ. ಅಂದರೆ ಸರಿಯಾಗಿ ತಾಳಮದ್ದಳೆಯ ಸರದಿ ಬರೋ ಮುಂಚೆ ಗೇಟು ಮುಚ್ಚಿದಂಗಾಯ್ತು. (ತಮಾಷೆ ಏನಂದ್ರೆ, ಮೂರೂ ಒಬ್ಬನ ಕೈಲಿದ್ದರೆ ತನ್ನ ಹಾಡಿಗೆ ತಾನೇ ಪೈಪೋಟಿ ಕೊಡೋದು ದಂಡ ಅಂತ ಒಂದರಲ್ಲಿ ತಾಳಮದ್ದಳೆ ಹಾಕಿಯಾನು.)

ಬೆಂಗಳೂರಲ್ಲಿ ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ ಎಫ್ಎಂ ಬೇಕು ಅಂದ್ರೆ ಮುಳ್ಳು ನಿಲ್ಲೋದು 100.1ರ ಅಮೃತವರ್ಷಿಣಿ ಮೇಲೆ. ಅದು ಆಕಾಶವಾಣಿಯದು, ಹರಾಜಿನ ಹಂಗಿಲ್ಲ.

ಎರಡನೇ ಕೌಂಟರು ಸಮುದಾಯ ರೇಡಿಯೋದ್ದು. ಇಲ್ಲಿ ಹರಾಜಿಲ್ಲ, ಆದರೆ ಪ್ರೊಫೆಸರ್ ಒಬ್ಬರೇ ಬಂದಿದ್ದರೆ ಅರ್ಜಿಯನ್ನೇ ತಗೊಳ್ಳಲ್ಲ. ಲಾಭಕ್ಕಲ್ಲದ ಸಂಸ್ಥೆ ಬೇಕು. ಮೊದಲು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕೊಟ್ಟರು. 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೀತು. ಅರ್ಜಿ ಗೃಹ ಇಲಾಖೆ, ರಕ್ಷಣಾ ಇಲಾಖೆ ಸುತ್ತಿ ಬಂದ ಮೇಲೆ ಎಲ್‌ಓಐ, ಅಂದರೆ ಕೊಡ್ತೀವಿ ಅನ್ನೋ ಇರಾದೆ ಪತ್ರ, ಆಮೇಲೆ ತರಂಗಾಂತರ, ಕೊನೆಗೆ 'ಗೋಪಾ' ಅನ್ನೋ ಅನುಮತಿ ಒಪ್ಪಂದ. ಶಕ್ತಿ 100 ವ್ಯಾಟು. ಸುದ್ದಿ ಓದಬೇಕಂದ್ರೆ ಆಕಾಶವಾಣಿಯದನ್ನೇ ಓದಬೇಕು. 2012ರಲ್ಲಂತೂ ಸ್ಪೆಕ್ಟ್ರಂ ಶುಲ್ಕವನ್ನ ವರ್ಷಕ್ಕೆ 19,700 ರೂಪಾಯಿಯಿಂದ 91,000ಕ್ಕೆ ಏರಿಸಿದ್ದರು. ಗಲಾಟೆಯಾಗಿ ವಾಪಸ್ ಪಡೆದರು.

ಈ ಬಾಗಿಲು ತೆರೆಯೋ ಮುಂಚೆ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಅನ್ನೋ ಊರವರ ರೇಡಿಯೋ ಗುಂಪು ಏನು ಮಾಡ್ತು ಗೊತ್ತಾ? ಗಾಳಿ ಬಳಸೋಕೆ ಲೈಸೆನ್ಸಿಲ್ಲ. ಸರಿ, ಊರಿನ ಹೆಂಗಸರು, ಹುಡುಗರು ರೆಕಾರ್ಡ್ ಮಾಡಿದ ಕ್ಯಾಸೆಟ್ಟನ್ನ ಸಂಘದ ಸಭೆಯಲ್ಲಿ ಹಾಕಿದರು, ಧ್ವನಿವರ್ಧಕದಲ್ಲಿ ಕೇಳಿಸಿದರು, ಕೊನೆಗೆ ಟಿವಿ ಕೇಬಲ್ಲಿನ ತಂತಿಯೊಳಗೇ ಧ್ವನಿ ತೂರಿಸಿ ಮನೆಮನೆಗೆ ಮುಟ್ಟಿಸಿದರು. 1995ರಲ್ಲೇ ಸುಪ್ರೀಂ ಕೋರ್ಟು ತರಂಗಗಳು ಸಾರ್ವಜನಿಕ ಸ್ವತ್ತು ಅಂದಿತ್ತು. ಸಾರ್ವಜನಿಕರು ಮಾತ್ರ ತಂತಿ ಎಳೀತಾ ಇದ್ದರು.

ನನ್ನ ತಕರಾರು ಈ ಎರಡು ಕೌಂಟರುಗಳ ನಡುವಿನ ಜಾಗದ್ದು. ಕುಂದಾಪುರದಲ್ಲೊಬ್ಬ ತಾಳಮದ್ದಳೆ ಸ್ಟೇಷನ್ನು ನಡೆಸಿ, ಪೇಟೆಯ ಬಟ್ಟೆ ಅಂಗಡಿ, ಐಸ್ ಪ್ಲಾಂಟುಗಳ ಜಾಹೀರಾತಿನಿಂದ ಎರಡು ಕಾಸು ದುಡೀತೀನಿ ಅಂದರೆ ಅವನಿಗೆ ಅರ್ಜಿ ನಮೂನೆಯೇ ಇಲ್ಲ. ಹರಾಜಿಗೆ ದುಡ್ಡು ಸಾಲದು. ಸಮುದಾಯ ರೇಡಿಯೋಗೆ ಅವನು ಲಾಭದವನು. ಧರ್ಮಕ್ಕೆ ಕೊಡಿ ಅಂತ ಅವನು ಕೇಳ್ತಿಲ್ಲ, ವ್ಯಾಪಾರಕ್ಕೆ ತಕ್ಕ ಬಾಡಿಗೆ ಹೇಳಿ ಅಂತಿದಾನೆ. ಊರಿಗೆ ಒಂದಾದರೂ ಸಣ್ಣ ಶಕ್ತಿಯ ತರಂಗಾಂತರ ಎತ್ತಿಟ್ಟು, ಯಾರು ಹೆಚ್ಚು ಕೊಡ್ತಾರೆ ಅನ್ನೋ ಬದಲು ಯಾರು ಬೇರೇದು ಕೇಳಿಸ್ತಾರೆ ಅಂತ ನೋಡಿ ಕೊಡಬಹುದು. ಆಯ್ಕೆ ಮಾಡೋರು ಯಾರು, ಅಧಿಕಾರಿಯ ಅಭಿರುಚಿಯೇ ಕಾನೂನಾಗಲ್ವಾ ಅಂತ ಕೇಳ್ತೀರಿ. ಅದು ನಿಜವಾದ ಕಷ್ಟ, ನನ್ನ ಹತ್ರ ಪೂರಾ ಉತ್ತರ ಇಲ್ಲ.

ಒಂದು ಷರತ್ತು ಮಾತ್ರ ಬೇಕೇ ಬೇಕು. ಬ್ರಿಟನ್ನಿನಲ್ಲಿ ಊರೂರಿನ ಎಷ್ಟೋ ಖಾಸಗಿ ಸ್ಟೇಷನ್ನುಗಳು ದೊಡ್ಡ ಗುಂಪುಗಳ ಪಾಲಾದವು; ಹೆಸರು ಒಂದೇ ಆಯ್ತು, ದಿನದ ಬಹುಪಾಲು ಕಾರ್ಯಕ್ರಮ ಲಂಡನ್ನಿನಿಂದ ಬರತೊಡಗಿತು. ಹಾಗಾಗಿ ಈ ಲೈಸೆನ್ಸು ಮಾರೋ ಹಾಗಿರಬಾರದು. ಬೇಡವಾದರೆ ವಾಪಸ್ ಕೊಡಲಿ, ಸಾಲಲ್ಲಿ ಮುಂದಿನವನು ಬರಲಿ.

ಪ್ರಶ್ನೆ ಇದ್ದವರು ಮೈಕು ತಗೊಳ್ಳಿ.