ಚಕ್ಕೋತ ತಿನ್ನೋ ಮುಂಚೆ ಮಾತ್ರೆ ಹೆಸರು ನೋಡ್ಕೊಳ್ಳಿ

ಮೊನ್ನೆ ನಮ್ಮಮ್ಮ ವಾಟ್ಸಾಪಲ್ಲಿ ಒಂದು ವಿಡಿಯೋ ಕಳ್ಸಿದ್ಲು, ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಚಕ್ಕೋತ ಜ್ಯೂಸ್ ಕುಡೀರಿ ಬಿಪಿ ಕೊಲೆಸ್ಟ್ರಾಲ್ ಎರಡೂ ಹೋಗುತ್ತೆ ಅಂತ. ಅಮ್ಮ ಕೊಲೆಸ್ಟ್ರಾಲ್‌ಗೆ ಸಿಮ್ವಾಸ್ಟಾಟಿನ್ ತಗೋತಾಳೆ, ನಂಗೆ ಎದೆ ಧಸಕ್ ಅಂತು.

ನೋಡಿ, ಚಕ್ಕೋತ ನಂಗೆ ಪ್ರಾಣ. ನಮ್ಮ ದೇವನಹಳ್ಳಿ ಚಕ್ಕೋತಕ್ಕೆ ಜಿಐ ಟ್ಯಾಗೇ ಇದೆ. ದಪ್ಪ ಸಿಪ್ಪೆ ಕೊಯ್ದು, ಒಳಗಿನ ಸ್ಪಂಜಿನ ಥರದ ಬಿಳೀ ಭಾಗ ಕಿತ್ತು, ಒಂದೊಂದೇ ತೊಳೆ ಪೊರೆ ಸುಲಿದು ಉಪ್ಪು ಖಾರದಪುಡಿ ಉದುರಿಸ್ಕೊಂಡು ತಿಂದ್ರೆ ಆಹಾ! ಪೊರೆ ಸರಿಯಾಗಿ ಬಿಡಿಸ್ಲಿಲ್ಲ ಅಂದ್ರೆ ಮಾತ್ರ ಬಾಯೆಲ್ಲಾ ಕಹಿ, ಆ ಕಹಿ ಮುಖ್ಯವಾಗಿ ನರಿಂಜಿನ್ ಅನ್ನೋ ಫ್ಲಾವನಾಯ್ಡ್‌ದು. ಒಳಗಿನ ಕೆಂಪು ಲೈಕೋಪೀನ್, ಟೊಮೆಟೊದಲ್ಲಿ ಇರೋದೇ. 100 ಗ್ರಾಂಗೆ ಸುಮಾರು 60 ಮಿಲಿಗ್ರಾಂ ವಿಟಮಿನ್ ಸಿ. ಒಳ್ಳೇ ಹಣ್ಣೇ, ಅದ್ರಲ್ಲಿ ಎರಡು ಮಾತಿಲ್ಲ.

ಆದ್ರೆ ಅದೇ ಹಣ್ಣಲ್ಲಿ ಫ್ಯುರಾನೋಕೌಮರಿನ್ ಅಂತ ಇನ್ನೊಂದಿದೆ, ಗಿಡ ಹುಳ ಬೂಷ್ಟಿನಿಂದ ತಪ್ಪಿಸ್ಕೊಳ್ಳೋಕೆ ಮಾಡ್ಕೊಳ್ಳೋ ಕೆಮಿಕಲ್, ತಳಿ ಮೇಲೆ ಹೆಚ್ಚು ಕಮ್ಮಿ ಇರುತ್ತೆ. ನಮ್ಮ ಕರುಳಲ್ಲಿ ಸಿವೈಪಿ3ಎ4 ಅನ್ನೋ ಎಂಜೈಮ್ ಇದೆ, ಕೆಲವು ಮಾತ್ರೆ ನುಂಗಿದಾಗ ಅದು ಒಂದು ಪಾಲನ್ನ ರಕ್ತಕ್ಕೆ ಸೇರೋ ಮುಂಚೆನೇ ಒಡೆದು ಹಾಕುತ್ತೆ, ಡೋಸ್ ಇರೋದೂ ಆ ಲೆಕ್ಕಕ್ಕೇ. ಫ್ಯುರಾನೋಕೌಮರಿನ್ ಬಂದು ಆ ಎಂಜೈಮ್‌ನ ಕೆಡಿಸಿಬಿಡುತ್ತೆ, ಆಗ ಮಾತ್ರೆ ಲೆಕ್ಕಕ್ಕಿಂತ ಜಾಸ್ತಿ ರಕ್ತಕ್ಕೆ ಸೇರುತ್ತೆ. ಹೊಸ ಎಂಜೈಮ್ ಹುಟ್ಟೋಕೆ ಒಂದೆರಡು ಮೂರು ದಿನ ಬೇಕು, ಹಂಗಾಗಿ ಬೆಳಿಗ್ಗೆ ಜ್ಯೂಸ್ ರಾತ್ರಿ ಮಾತ್ರೆ ಅಂದ್ರೂ ತಪ್ಪಿಸ್ಕೊಳ್ಳೋಕಾಗಲ್ಲ. ಸಿಮ್ವಾಸ್ಟಾಟಿನ್ ಮೈಯಲ್ಲಿ ಜಾಸ್ತಿ ಆದ್ರೆ ಮಾಂಸಖಂಡ ನೋವು, ಅಪರೂಪಕ್ಕೆ ಕಿಡ್ನಿಗೂ ಏಟು. ಬಿಪಿಗೆ ಕೊಡೋ ನಿಫೆಡಿಪಿನ್, ಕಿಡ್ನಿ ಕಸಿ ಆದೋರು ತಗೊಳ್ಳೋ ಟ್ಯಾಕ್ರೋಲಿಮಸ್ ಇವಕ್ಕೂ ಹುಷಾರಾಗಿರಬೇಕು. ಎಲ್ಲಾ ಮಾತ್ರೆಗೂ ಹಿಂಗಾಗಲ್ಲ, ಡಾಕ್ಟ್ರನ್ನ ಕೇಳ್ದೆ ಮಾತ್ರೆ ಮಾತ್ರ ನಿಲ್ಲಿಸ್ಬೇಡಿ.

ಇದು ಗೊತ್ತಾಗಿದ್ದೂ ಆಕಸ್ಮಿಕವಾಗಿ. ಕೆನಡಾದಲ್ಲಿ ಡೇವಿಡ್ ಬೇಲಿ ಅನ್ನೋರ ಟೀಮು ಫೆಲೋಡಿಪಿನ್ ಅನ್ನೋ ಬಿಪಿ ಮಾತ್ರೆ ಜೊತೆ ಆಲ್ಕೋಹಾಲ್ ಟೆಸ್ಟ್ ಮಾಡ್ತಿತ್ತು, ಆಲ್ಕೋಹಾಲ್ ರುಚಿ ಗೊತ್ತಾಗ್ಬಾರ್ದು ಅಂತ ಗ್ರೇಪ್‌ಫ್ರೂಟ್ ಜ್ಯೂಸ್ ಬೆರೆಸಿದ್ರು, ನೋಡಿದ್ರೆ ರಕ್ತದಲ್ಲಿ ಮಾತ್ರೆ ಮಟ್ಟ ಏರ್ಬಿಟ್ಟಿತ್ತು. 1991ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು.

ಗ್ರೇಪ್‌ಫ್ರೂಟ್ ಅಂದ್ರೆ ದ್ರಾಕ್ಷಿ ಅಲ್ಲ! ಚಕ್ಕೋತ, ಕಿತ್ತಳೆ ಬೆರೆತು ಹುಟ್ಟಿದ ಹಣ್ಣು, ನಮ್ಮ ಚಕ್ಕೋತದ ಮಗು ಅದು. ಮಾತ್ರೆ ಜೊತೆ ಬರೋ ಹಾಳೇಲಿ ಗ್ರೇಪ್‌ಫ್ರೂಟ್ ಬೇಡ ಅಂತ ಇಂಗ್ಲಿಷಲ್ಲಿ ಸಣ್ಣಕ್ಷರದಲ್ಲಿ ಹಾಕಿರ್ತಾರೆ, ನಮ್ಮೋರು ಓದಿದ್ರೂ ದ್ರಾಕ್ಷಿ ಬಿಟ್ಟು ಚಕ್ಕೋತ ತಿಂತಾರೆ. ಡಾಕ್ಟ್ರು, ಮೆಡಿಕಲ್ ಶಾಪ್‌ನೋರು ದಯವಿಟ್ಟು ಚಕ್ಕೋತ ಅಂತ ಹೆಸರು ಹಿಡಿದೇ ಹೇಳಿ.

ಅಮ್ಮಂಗೆ ಫೋನ್ ಮಾಡಿ ಸದ್ಯಕ್ಕೆ ಮುಟ್ಬೇಡ ಅಂದೆ. ಮುಂದಿನ ವಾರ ಚೆಕಪ್ ಇದೆ, ಡಾಕ್ಟ್ರನ್ನ ಕೇಳೋಕೆ ಅಂತ ಚೀಟೀಲಿ ಚಕ್ಕೋತ ಅಂತ ಬರ್ಕೊಂಡು ಪರ್ಸಲ್ಲಿ ಇಟ್ಕೊಂಡಿದಾಳೆ.